ಬುದ್ಧನ ಮೈಮೇಲೆ ಪೋಚಮ್ಮನ ಸೀರೆ

"ಸೀರಿ ಬಿಚ್ಚೋ!"

ನನ್ನ ಕಿವಿಯ ಹಿಂದೆ ಪಿಸ್ತೂಲು. ಕಣ್ಣೆದುರಿಗೆ ದೇವಿ.

"ಆಗೂದಿಲ್ಲರೀ ಪ್ರಾಣೇಶರಾಯರ..." ಎಂದೆ.

"ಆಗೂದಿಲ್ಲ?" ಪಿಸ್ತೂಲು ಇನ್ನಷ್ಟು ಒತ್ತಿತು. "ಇಲ್ಲಿ ಎರಡು ತಲಿ ಅವ, ಜಂಬ್ಯಾ. ಒಂದು ನಿಂದು, ಒಂದು ಅದರದು. ಒಂದಂತೂ ಇವತ್ತು ಉರುಳ್ತದ!"

ಹೌದು, ನಾನೇ ಜಂಬಪ್ಪ. ಮಕ್ತಲ್ ಠಾಣೆಯಲ್ಲಿ ಹನ್ನೊಂದು ವರ್ಷ ಪೊಲೀಸ್ ಜವಾನ. ಆಮೇಲೆ ಸಸ್ಪೆಂಡ್. ಯಾಕೆ ಎಂದು ಕೇಳಬೇಡಿ. ಈಗ ಕಳೆದುಹೋದ ಎತ್ತು, ಓಡಿಹೋದ ಅಳಿಯ, ಕಾಣೆಯಾದ ದಸ್ತಾವೇಜು... ಏನು ಬೇಕಾದರೂ ಹುಡುಕಿಕೊಡುತ್ತೇನೆ. ಎಷ್ಟೋ ಜನರ ಕೊರಳಪಟ್ಟಿ ಹಿಡಿದವನು ನಾನು. ಆದರೆ ಪೋಚಮ್ಮನ ಸೆರಗಿಗೆ ಕೈ ಹಾಕುವಷ್ಟು ಗಂಡಸಲ್ಲ.

ರಾಯರಿಗೆ ಆ ಅಂಜಿಕೆ ಇರಲಿಲ್ಲ. ನಾರಾಯಣಪೇಟೆಯ ದೊಡ್ಡ ಮನೆತನ. ಹಣೆಗೆ ಅಂಗಾರ ಅಕ್ಷತೆ, ಕಾಲಿಗೆ ಬೂಟು! ಹಳೆಯ ಮೂರ್ತಿಗಳನ್ನು ಬೊಂಬಾಯಿಗೆ ಸಾಗಿಸುವುದು ಕಸುಬು. ಗಟ್ಟು ಊರಿನ ಗುಡ್ಡದಲ್ಲಿ ಬುದ್ಧನ ಗವಿ ಇದೆ, ಹುಡುಕಿಕೊಡು ಎಂದು ಮೂರು ದಿನದ ಹಿಂದೆ ನನ್ನನ್ನು ಹಿಡಿದಿದ್ದರು.

ಹೊತ್ತನ್ನೂ ಸರಿಯಾಗಿಯೇ ಆರಿಸಿದ್ದರು. ನಲವತ್ತೆಂಟರ ಸೆಪ್ಟೆಂಬರ್. ಕರ್ನೂಲಿನ ಕಡೆಯಿಂದ ನಿಜಾಮರ ರಾಜ್ಯಕ್ಕೆ ಹಿಂದೂಸ್ತಾನದ ಪಟಾಲಂ ನುಗ್ಗಿತ್ತು. ನಮ್ಮ ಠಾಣೆಯ ಅಮೀನ ಸಾಹೇಬರು ನಿಜಾಮರ ಟೋಪಿಯನ್ನು ಎಲ್ಲಿ ಬಚ್ಚಿಡಲಿ ಎಂದು ಒದ್ದಾಡುತ್ತಿದ್ದರು. ಇವತ್ತು ಯಾರ ರಾಜ್ಯ, ನಾಳೆ ಯಾರದು... ಯಾರಿಗೂ ಗೊತ್ತಿಲ್ಲ. ಕಳ್ಳರಿಗೆ ಇಂಥ ಮುಹೂರ್ತ ಪಂಚಾಂಗದಲ್ಲಿ ಸಿಗುವುದಿಲ್ಲ.

ಗವಿ ಸಿಕ್ಕಿತು. ಬುದ್ಧ ಸಿಗಲಿಲ್ಲ!

ಸಿಕ್ಕವಳು ಪೋಚಮ್ಮ. ಸಿಡುಬಿನ ತಾಯಿ. ಮುಖಕ್ಕೆ ಬೆರಳು ದಪ್ಪದ ಅರಿಸಿನ, ಬೆಳ್ಳಿಯ ಕಣ್ಣು. ಕೆಳಗೆ ಬರೀ ಸೀರೆ. ಸಿಡುಬೆದ್ದ ಮಗು ಬದುಕಿಕೊಂಡರೆ ತಾಯಿ ಬಂದು ದೇವಿಗೆ ಒಂದು ಸೀರೆ ಉಡಿಸಬೇಕು. ಹಳೆಯದನ್ನು ತೆಗೆಯುವಂತಿಲ್ಲ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು... ದೇವಿ ಜೋಳದ ಕಣಜದಷ್ಟು ದಪ್ಪಗಾಗಿದ್ದಳು.

"ಆ ಕಿವಿ ನೋಡು, ದಡ್ಡಾ!" ರಾಯರು ನಕ್ಕರು. "ಹೆಗಲಿನ ತನಕ ಅವ. ತಲಿ ಮ್ಯಾಲೆ ಗುಂಗುರು ಕೂದಲ. ಯಾವ ಪೋಚಮ್ಮಗ ಹಿಂಗ ಇರ್ತದ? ಇಂವ ಬುದ್ಧ! ಭಿಕ್ಕುಗಳು ಮಳೆಗಾಲ ಪೂರ್ತಿ ಇಲ್ಲೇ ಇರ್ತಿದ್ರು. ಅಲ್ಲಿ ಸಣ್ಣ ಖೋಲಿ ಅವಲ್ಲ, ಕಲ್ಲಿನ ಮಂಚ, ಕಲ್ಲಿನ ದಿಂಬು? ಅವರು ಮಲಗತಿದ್ದ ಜಾಗಾ. ಈ ಗ್ವಾಡಿಗೆ ಮಣ್ಣು, ಭತ್ತದ ಹೊಟ್ಟು ಮೆತ್ತಿ, ಸುಣ್ಣ ಸವರಿ, ಮ್ಯಾಲೆ ಚಿತ್ರ ಬರೆದಿದ್ರು. ಅಜಂತಾದಾಗ ಬರೆದಂಗ! ನಿಮ್ಮ ಮಂದಿ ವರ್ಷಾ ವರ್ಷಾ ಸುಣ್ಣ ಬಳದು ಬಳದು ಎಲ್ಲಾ ಮುಚ್ಚಿಬಿಟ್ಟಾರ!"

ಮನುಷ್ಯನಿಗೆ ವಿದ್ಯೆ ಇತ್ತು, ಒಪ್ಪಬೇಕು. ಒಂದು ಕೈಯಲ್ಲಿ ಪಿಸ್ತೂಲು ಹಿಡಿದು ಪಾಠ ಹೇಳುವ ಮೇಷ್ಟ್ರನ್ನು ನಾನು ನೋಡಿದ್ದು ಅದೇ ಮೊದಲು. ಚೀಲದಲ್ಲಿ ಉಳಿ-ಸುತ್ತಿಗೆಯೂ ಇತ್ತು.

ಪೂಜಾರಿ ಬುಗ್ಗಮ್ಮ ಅಡ್ಡ ಬಂದಳು. ಎಪ್ಪತ್ತರ ಮುದುಕಿ. ಕೈಯಲ್ಲಿ ಬೇವಿನ ಸೊಪ್ಪು.

"ದೊರೀ, ಕಾಲಿಗೆ ಬೀಳತೀನಿ! ಊರಾಗ ಮೂರು ಕೂಸುಗಳಿಗೆ ಅಮ್ಮ ಬಂದಾಳ. ನನ್ನ ಮೊಮ್ಮಗಳೂ ಮಲಗ್ಯಾಳ. ಈಗ ತಾಯಿ ತಲಿ ಹೋದ್ರ ಯಾರ ಮುಂದ ಬೇಡಿಕೊಳ್ಳಾಕ ಹೋಗೂಣು?"

"ದವಾಖಾನಿಗೆ ಹೋಗು!" ಎಂದರು ರಾಯರು.

ದವಾಖಾನೆ ಗದ್ವಾಲದಲ್ಲಿತ್ತು. ಡಾಕ್ಟರು ಓಡಿಹೋಗಿ ನಾಲ್ಕು ದಿನವಾಗಿತ್ತು.

ಈ ಪೀಡೆಯನ್ನು ಗುಡ್ಡ ಹತ್ತಿಸಿದವನು ನಾನೇ ತಾನೆ!

ರಾಯರು ನನ್ನನ್ನು ಗೋಡೆಗೆ ತಳ್ಳಿದರು. ಬಲಗೈಯಲ್ಲಿ ಪಿಸ್ತೂಲು, ಎಡಗೈಯಲ್ಲಿ ಸೆರಗು. ಸರ್ರನೆ ಮೊದಲ ಸೀರೆ ಕಳಚಿತು.

"ಅದು ಕಿಷ್ಟಮ್ಮಂದು," ಎಂದಳು ಬುಗ್ಗಮ್ಮ. "ಅವಳ ಮಗ ಈಗ ಎತ್ತು ಹೂಡತಾನ."

ಇನ್ನೊಂದು ಸೀರೆ.

"ತಿರುಪತಮ್ಮಂದು. ಮಗಳಿಗೆ ಒಂದು ಕಣ್ಣು ಹೋತು. ಜೀವ ಉಳೀತು."

ಇನ್ನೊಂದು... ಮತ್ತೊಂದು... ಎಲ್ಲದಕ್ಕೂ ಒಂದು ಹೆಸರು, ಒಂದು ಮಗು. ನನಗೆ ನೋಡಲಾಗಲಿಲ್ಲ. ಕೆಂಪು ಅಂಚಿನ ಒಂದು ಹಳೆಯ ಸೀರೆಗೆ ರಾಯರು ಕೈ ಹಾಕಿದರು.

"ನಿಲ್ಲು!" ಮುದುಕಿ ಕಿರುಚಿದಳು. "ಅದು ನಿಮ್ಮವ್ವಂದು!"

ರಾಯರ ಕೈ ನಿಂತಿತು.

"ಏನಂದಿ?"

"ನಿನ್ನ ಮಾರಿ ತುಂಬ ಅಮ್ಮನ ಕಲಿ ಅದಾವು. ನಲವತ್ತು ವರ್ಷದ ಹಿಂದ ಒಬ್ಬಾಕಿ ಬಂದಿದ್ಲು, ದೂರದ ಊರಾಕಿ. ಕಂಕುಳಾಗ ಕೂಸು. ಪ್ರಾಣೇಶಾ, ಪ್ರಾಣೇಶಾ ಅಂತ ಅಳಾಕ ಹತ್ತಿದ್ಲು!"

ರಾಯರ ಮುಖದ ತುಂಬ ಸಿಡುಬಿನ ಕಲೆ. ಅವೆಲ್ಲ ಬೆವರಿದವು.

"ಅವ್ವ... ಹರಕಿ ಹೊತ್ತಿದ್ದೆ ಅಂತಿದ್ಲು... ಎಲ್ಲಿ ಅಂತ ಹೇಳಿರಲಿಲ್ಲ..."

ಆಮೇಲೆ ಅವರು ತಮ್ಮ ಕಾಲು ನೋಡಿಕೊಂಡರು. ಬೂಟು! ತಾಯಿಯ ಸೀರೆಯ ಮುಂದೆ ಬೂಟು! ಪಿಸ್ತೂಲು ಹಿಡಿದೇ ಬಗ್ಗಿದರು. ಒಂದು ಕಳಚಿದರು. ಎರಡನೆಯದೂ ಕಳಚಿತು.

ನನಗೆ ಅಷ್ಟು ಹೊತ್ತು ಸಾಕು. ನನ್ನ ಮೊಣಕಾಲು ಸೀದಾ ಅವರ ಗದ್ದಕ್ಕೆ ಹೋಯಿತು!

ಢಂ! ಗುಂಡು ಗೋಡೆಗೆ ಬಡಿಯಿತು. ಅಂಗೈ ದಪ್ಪದ ಸುಣ್ಣದ ಹಕ್ಕಳೆ ಉದುರಿತು. ಒಳಗಿನಿಂದ ಯಾರೋ ನನ್ನನ್ನು ನೋಡಿದರು.

ಒಂದು ಮುಖ. ಅರೆಮುಚ್ಚಿದ ಕಣ್ಣು, ಬಾಗಿದ ಹುಬ್ಬು, ಬೆರಳುಗಳ ನಡುವೆ ನೀಲಿ ತಾವರೆ. ಬಣ್ಣ ನಿನ್ನೆ ಬಳಿದಂತಿತ್ತು. ಹೇಳಿಬಿಡುತ್ತೇನೆ, ಅಷ್ಟು ಚಂದದ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನಾನು ಬಾಯಿ ಬಿಟ್ಟು ನಿಂತಿದ್ದೇ ತಪ್ಪಾಯಿತು. ರಾಯರು ಎದ್ದು ಹೊರಗೆ ಹಾರಿದರು!

ಬೆನ್ನಟ್ಟಿದೆ. ಢಂ! ಎರಡನೆಯ ಗುಂಡು ನನ್ನ ರುಮಾಲು ಹಾರಿಸಿತು. ಆದರೂ ಅವಸರ ಮಾಡಲಿಲ್ಲ. ಗಟ್ಟಿನ ಗುಡ್ಡದ ತುಂಬ ಜಾಲಿಮುಳ್ಳು, ರಾಯರದು ಬರಿಗಾಲು. ಹತ್ತು ಹೆಜ್ಜೆಗೊಮ್ಮೆ ಕುಣಿಯುತ್ತಿದ್ದರು. ಹಾಗೇ ಕುಣಿಯುತ್ತ ಗದ್ವಾಲದ ದಾರಿಗೆ ಇಳಿದರು. ಎದುರಿಗೆ ಪಟಾಲಮ್ಮಿನ ಲಾರಿ!

"ಡೋಂಟ್ ಶೂಟ್! ಐ ಆಮ್ ಎ ಸ್ಕಾಲರ್!"

ಪಟಾಲಮ್ಮಿನವರಿಗೆ ಇಂಗ್ಲಿಷ್ ಅರ್ಥವಾಯಿತು. ಕೈಯಲ್ಲಿದ್ದ ಪಿಸ್ತೂಲು ಅದಕ್ಕಿಂತ ಚೆನ್ನಾಗಿ ಅರ್ಥವಾಯಿತು. ಹೆಡೆಮುರಿ ಕಟ್ಟಿ ಲಾರಿಗೆ ಎಸೆದರು.

ನಾನು ಮತ್ತೆ ಗುಡ್ಡ ಹತ್ತಿದೆ. ಬುಗ್ಗಮ್ಮ ಸೀರೆಗಳನ್ನು ಒಂದೊಂದಾಗಿ ಮತ್ತೆ ಉಡಿಸುತ್ತಿದ್ದಳು.

"ಯವ್ವಾ, ಖರೇನ ಅದು ರಾಯರ ತಾಯಿದೇನು?"

"ಯಾರಿಗೆ ಗೊತ್ತೋ ಯಪ್ಪಾ! ಯಾರದೋ ಏನೋ, ಮರ್ತೀನಿ."

"ಮತ್ತ ಹೆಸರು?"

"ನೀನಾ ಒದರತಿದ್ದೆಲ್ಲ, ಪ್ರಾಣೇಶರಾಯರ, ಪ್ರಾಣೇಶರಾಯರ ಅಂತ! ಆ ಮಾರಿ ನೋಡಿದ್ರ ಗೊತ್ತಾಗೂದಿಲ್ಲೇನು? ಅವರವ್ವ ಎಲ್ಲೋ ಒಂದು ಕಡಿ ಹರಕಿ ಹೊತ್ತಿರತಾಳ." ಮುದುಕಿ ಗೋಡೆಯ ಕಡೆ ಕಣ್ಣು ಕಿರಿದು ಮಾಡಿದಳು. "ಗ್ವಾಡಿ ಹೊಲಸಾಗೇತಿ. ನಾಳೆ ಸುಣ್ಣ ಹಚ್ಚಬೇಕು."

ಬೇಡ ಎನ್ನಲು ಬಾಯಿ ತೆರೆದೆ. ಬೊಂಬಾಯಿಯ ಗಿರಾಕಿಗಳು ನೆನಪಾದರು. ಸುಮ್ಮನೆ ಸುಣ್ಣದ ಗಡಿಗೆ ತಂದುಕೊಟ್ಟೆ.

ಸುಳ್ಳು ಹೇಳಬೇಡಿ ಎಂದು ಊರೂರು ಅಲೆದು ಸಾರಿದ ಮಹಾನುಭಾವ ಆ ಬುದ್ಧ... ಅವನ ತಲೆ ಉಳಿದದ್ದು ಮಾತ್ರ ಒಂದು ಹಸಿ ಸುಳ್ಳಿನಿಂದ!