ಚೀಲದೊಳಗಿನ ಸೆಲ್

“ನೀನು ಸುಮ್ಮನೆ ನನ್ನ ಪಕ್ಕ ನಿಂತ್ಕೊಂಡ್ರೆ ಸಾಕು. ಎಲ್ಲಾ ನಾನೇ ಹೇಳ್ತೀನಿ,” ಎನ್ನುತ್ತಾ ಚಿಗರಿ ಚಾರ್ಟನ್ನು ಮೇಜಿನ ಮೇಲೆ ಹರಡಿದಳು.

ಎಡಕ್ಕೆ ಹಸಿರು ಪ್ಲಾಂಟ್ ಸೆಲ್, ಬಲಕ್ಕೆ ಗುಲಾಬಿ ಅನಿಮಲ್ ಸೆಲ್. ಎರಡು ದಿನ ಕೂತು ಬಿಡಿಸಿದ್ದಳು. ಓಟದಲ್ಲಿ ಜಿಂಕೆಯಂತೆ ಯಾರ ಕೈಗೂ ಸಿಗದವಳೆಂದು ಅವಳಿಗೆ ಚಿಗರಿ ಎಂಬ ಹೆಸರು. ಚಿತ್ರದಲ್ಲೂ ಅವಳದೇ ಮೇಲುಗೈ.

ಪ್ರಾಜೆಕ್ಟಿಗೆ ಟೀಚರ್ ಅವಳ ಜೊತೆ ಹಾಕಿದ್ದು ರೇಡಿಯೋಳನ್ನು. ರೇಡಿಯೋಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬಾಯಿಗೆ ಮಾತ್ರ ಬಿಡುವೇ ಇಲ್ಲ, ಅದಕ್ಕೇ ಆ ಹೆಸರು.

ರೇಡಿಯೋ ಚಾರ್ಟಿನ ಮೇಲೆ ಬೆರಳಾಡಿಸಿದಳು. ಈ ತುದಿಯಿಂದ ಆ ತುದಿಯವರೆಗೆ ಬರೀ ನುಣ್ಣನೆಯ ಕಾಗದ.

“ಚೆನ್ನಾಗಿದೆ ಅಂತ ನಿಮ್ಮಮ್ಮ ಹೇಳಿದ್ರು,” ಎಂದಳು. “ಆದ್ರೆ ನನ್ನ ಹೆಸರು ಬರೀಬೇಡ.”

“ಯಾಕೆ? ನಿಂಗೂ ಮಾರ್ಕ್ಸ್ ಸಿಗುತ್ತಲ್ಲ.”

“ನಾನೇನು ಮಾಡಿದ್ದೀನಿ? ಬಿಟ್ಟಿ ಮಾರ್ಕ್ಸ್ ತಗೊಂಡು ಉಪ್ಪಿನಕಾಯಿ ಹಾಕ್ಲಾ?”

ಅಷ್ಟು ಹೇಳಿ ರೇಡಿಯೋ ಬಾಯಿ ಮುಚ್ಚಿದಳು. ಚಿಗರಿಗೆ ಮೊದಲು ಸಿಟ್ಟು ಬಂತು. ಸ್ವಲ್ಪ ಹೊತ್ತಿಗೆ ಸಿಟ್ಟು ಹೋಗಿ ಕಸಿವಿಸಿ ಶುರುವಾಯಿತು. ರೇಡಿಯೋ ಸುಮ್ಮನಾದರೆ ಮನೆ ಇಷ್ಟು ಬಿಕೋ ಎನ್ನುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕಿಟಕಿಯ ಬಳಿ ಅಮ್ಮನ ಹೊಲಿಗೆ ಯಂತ್ರ ಮಾತ್ರ ಕಟಕಟ ಎನ್ನುತ್ತಿತ್ತು. ಅಮ್ಮ ಟೈಲರ್.

ಚಿಗರಿ ನೆಲದ ಮೇಲೆ ಬಿದ್ದಿದ್ದ ಒಂದು ತುಂಡನ್ನು ಎತ್ತಿ ರೇಡಿಯೋ ಕೈಗಿಟ್ಟಳು. “ಇದೇನು ಹೇಳು ನೋಡೋಣ.”

“ಬಟ್ಟೆ. ಅಲ್ಲ, ಗಟ್ಟಿಯಿದೆ. ಏನಾಂಟಿ ಇದು?”

“ಕಾಲರ್ ಒಳಗೆ ಹಾಕೋ ಕ್ಯಾನ್ವಾಸ್ ಕಣಮ್ಮ,” ಎಂದರು ಅಮ್ಮ. “ಕಾಲರ್ ನೆಟ್ಟಗೆ ನಿಲ್ಲೋದೇ ಅದರಿಂದ.”

ರೇಡಿಯೋ ಮುಖ ಅರಳಿತು. “ಪ್ಲಾಂಟ್ ಸೆಲ್‌ಗೂ ಹಿಂಗೇ ಒಂದು ಗೋಡೆ ಇರುತ್ತಲ್ವಾ? ಅನಿಮಲ್ ಸೆಲ್‌ಗೆ ಬರೀ ತೆಳ್ಳನೆ ಪೊರೆ.”

ಅಲ್ಲಿಂದ ರೇಡಿಯೋ ಮತ್ತೆ ಶುರುವಾಯಿತು. ಮುಟ್ಟಿದರೆ ತಿಳಿಯುವಂಥ ಸೆಲ್‌ಗಳನ್ನು ಬಟ್ಟೆಯಲ್ಲೇ ಮಾಡಲು ಇಬ್ಬರೂ ಕೂತರು. ಮುಟ್ಟಿ ಆರಿಸಿದ್ದು ಅವಳು, ಹೊಲಿದದ್ದು ಚಿಗರಿ. ಅನಿಮಲ್ ಸೆಲ್‌ಗೆ ನುಣುಪಾದ ಲೈನಿಂಗ್ ಬಟ್ಟೆಯ ಗುಂಡು ಚೀಲ. ಪ್ಲಾಂಟ್ ಸೆಲ್‌ಗೆ ಅದೇ ಲೈನಿಂಗಿನ ಹೊರಗೆ ಕ್ಯಾನ್ವಾಸಿನ ಚೌಕ ಚೀಲ. ನ್ಯೂಕ್ಲಿಯಸ್ ಆಗಿ ಕೋಟಿನ ದಪ್ಪ ಬಟನ್. ಪ್ಲಾಂಟ್ ಸೆಲ್‌ನಲ್ಲಿ ರಸ ತುಂಬಿರುವ ದೊಡ್ಡ ವ್ಯಾಕ್ಯೂಲ್‌ಗೆ ನೀರು ತುಂಬಿದ ಬಲೂನು. ಮೊದಲನೇ ಬಲೂನು ಒಡೆದು ಇಬ್ಬರೂ ತೊಯ್ದು ತೊಪ್ಪೆಯಾದರು.

“ಬಟನ್ ಮಧ್ಯದಲ್ಲಿಡು,” ಎಂದಳು ಚಿಗರಿ.

“ಜಾಗ ಎಲ್ಲಿದೆ? ಬಲೂನು ಅದನ್ನ ಗೋಡೆಗೆ ಒತ್ತಿಬಿಟ್ಟಿದೆ.”

ಚಿಗರಿ ಪುಸ್ತಕ ತೆರೆದಳು. ನೂರು ಸಲ ನೋಡಿದ್ದ ಚಿತ್ರ. ಅಲ್ಲೂ ನ್ಯೂಕ್ಲಿಯಸ್ ಗೋಡೆಯ ಪಕ್ಕದಲ್ಲೇ ಇತ್ತು. ಅವಳ ಚಾರ್ಟಿನಲ್ಲಿ ಮಾತ್ರ ಅದು ರಾಜನ ಹಾಗೆ ನಟ್ಟನಡುವೆ ಕೂತಿತ್ತು. ಅವಳು ಚಾರ್ಟನ್ನು ಸುರುಳಿ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದಳು.

ಸೋಮವಾರ ಚೀಲಗಳು ಬೆಂಚಿನಿಂದ ಬೆಂಚಿಗೆ ಹೋದವು. ರೇಡಿಯೋ ಹೇಳುತ್ತಲೇ ಇದ್ದಳು. ಟೀಚರ್ ಎರಡು ಸಲ ಗಡಿಯಾರ ನೋಡಿದರೇ ಹೊರತು ತಡೆಯಲಿಲ್ಲ.

ಹಿಂದಿನ ಬೆಂಚಿನ ಹುಡುಗ ಚೌಕ ಚೀಲದೊಳಗೆ ಇಣುಕಿ ಚಿಗರಿಯನ್ನು ಕೇಳಿದ, “ಬಟನ್ ಯಾಕೆ ಮೂಲೆಗೆ ಹೋಗಿದೆ?”

ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಚಿಗರಿ ಅದನ್ನು ನುಂಗಿಕೊಂಡು, ಅವನ ಕೈ ಹಿಡಿದು ಚೀಲದೊಳಗೆ ಇಳಿಸಿದಳು.

“ನೋಡ್ಬೇಡ,” ಎಂದಳು. “ಮೆಲ್ಲಗೆ ಒತ್ತು.”