ಬಿವಿಲ್ಡರ್ಡ್ ಪದದ ಅರ್ಥ ಬಲ್ಲವನು

"ಪುಸ್ತಕದ ವಾಕ್ಯ ಒಪ್ಪಿಸಬೇಡಿ ರೀ! ನಿಮ್ಮ ಬದುಕಿಂದ ಒಂದು ಹೇಳಿ!"

ದಾಮಿ ಹೊಸಬನನ್ನು ಗದರಿದಾಗ ಬೆಳಗಿನ ಏಳು ಗಂಟೆ. ಸಿಯೋಲ್‌ನ ನೊರ್ಯಾಂಗ್‌ಜಿನ್‌ನಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಐವರ ಗುಂಪು ಅದು. ದಿನಕ್ಕೊಂದು ಇಂಗ್ಲಿಷ್ ಪದ ಬಳಸಿ ಎಲ್ಲರೂ ವಾಕ್ಯ ಹೇಳಬೇಕು; ಅಂದಿನ ಪದ 'ಬಿವಿಲ್ಡರ್ಡ್'. ಏನೂ ತೋಚದೆ ಕಕ್ಕಾಬಿಕ್ಕಿಯಾದ ಎಂದು ಅರ್ಥ.

ಹೊಸಬ ಮುನ್‌ಹೋ ಎದ್ದು ನಿಂತ. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟವನು. ಮೀನು ಮಾರುಕಟ್ಟೆಯಲ್ಲಿ ಐಸ್ ಹೊತ್ತು ನೇರ ಬಂದಿದ್ದ. ಕೈಗಳಿನ್ನೂ ಕೆಂಪಗಿದ್ದವು.

ಮುರುಕು ಇಂಗ್ಲಿಷಿನಲ್ಲಿ ಹೇಳಿದ. "ಅಪ್ಪ ತೀರಿಕೊಂಡ ದಿನ ಆಸ್ಪತ್ರೆಯವರು ನನ್ನ ಕೈಗೆ ಫಾರ್ಮು ಕೊಟ್ಟರು. ನಾನು ಬಿವಿಲ್ಡರ್ಡ್ ಆಗಿದ್ದೆ. ನನಗಾಗ ಹದಿನಾರು."

ಡಿಗ್ರಿ ಹೊತ್ತವರೆಲ್ಲ ಗಿಳಿಯಂತೆ ಉರುಹೊಡೆದ ಪದವನ್ನು ಇವನೊಬ್ಬ ಎದೆಯಲ್ಲಿ ಹೊತ್ತು ತಂದಿದ್ದ!

ದಾಮಿ ಅವನನ್ನೇ ನೋಡಿದಳು. 'ಎಂಥ ಮನುಷ್ಯನಪ್ಪಾ ಇವನು...'

ಎರಡೇ ತಿಂಗಳಲ್ಲಿ ಅಭ್ಯಾಸ ಪರೀಕ್ಷೆಗಳಲ್ಲಿ ಅವನು ಅವಳ ಅಂಕಗಳನ್ನೂ ದಾಟಿದ. ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ, ಹೆಮ್ಮೆಯಾಯಿತು!

ಗುಂಪಿನ ಹಿರಿಯಳು ಒಕ್ಜು ಎಲ್ಲರೆದುರೇ ಕುಟುಕಿದಳು. "ಏನೇ ದಾಮಿ, ಪುಸ್ತಕ ನೋಡ್ತೀಯೋ, ಮುನ್‌ಹೋ ಮುಖ ನೋಡ್ತೀಯೋ? ನಿಯಮ ಗೊತ್ತಲ್ಲ?"

"ಅಯ್ಯೋ, ಹೋಗಕ್ಕಾ!"

ನಿಯಮ ಗೋಡೆಯ ಮೇಲೇ ಇತ್ತು. ಗುಂಪಿನೊಳಗೆ ಪ್ರೀತಿ ಹುಟ್ಟಿದರೆ ಇಬ್ಬರೂ ಹೊರಗೆ.

ಮರುದಿನ ಮುನ್‌ಹೋ ಬರಲಿಲ್ಲ. ಮೊಬೈಲಿಗೆ ಒಂದೇ ಸಾಲು: 'ಗುಂಪು ಬಿಟ್ಟೆ. ಕ್ಷಮಿಸಿ.'

'ನನ್ನ ಹೆಸರಿನ ಜೊತೆ ಅವನ ಹೆಸರು ಬಂದಿದ್ದಕ್ಕೇ ಇಷ್ಟು ಅಸಹ್ಯವಾ?' ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ದಾಮಿ ಮಾರುಕಟ್ಟೆಗೆ ಓಡಿದಳು.

"ಪರೀಕ್ಷೆಗೆ ಮೂರೇ ವಾರ! ಇಷ್ಟು ಓದಿ ಈಗ ಬಿಡ್ತೀರಾ? ಬುದ್ಧಿ ಇದೆಯೇನ್ರೀ ನಿಮಗೆ?"

"ಓದು ಬಿಟ್ಟಿಲ್ಲ." ಅವನು ಐಸ್ ಪೆಟ್ಟಿಗೆಯ ಮೇಲೆ ತೆರೆದಿಟ್ಟ ಪುಸ್ತಕ ತೋರಿಸಿದ. "ಗುಂಪು ಮಾತ್ರ ಬಿಟ್ಟೆ."

"ಯಾಕೆ?"

"ನಿಯಮ ಮುರಿದವನು ನಾನು. ನೀವ್ಯಾಕೆ ಹೊರಗೆ ಹೋಗ್ಬೇಕು? ನಿಮಗಿದು ನಾಲ್ಕನೇ ಸಲ. ಈ ಸಲ ನೀವು ಪಾಸಾಗಲೇಬೇಕು..."

ಅವಳ ಜಾಗ ಉಳಿಸಲು ಅವನು ತನ್ನದನ್ನೇ ಕಳೆದುಕೊಂಡಿದ್ದ! ದಾಮಿಯ ಕಣ್ಣುಗಳು ತುಂಬಿದವು.

"ನಾನು ಮುರಿದಿಲ್ಲ ಅಂತ ನಿಮಗ್ಯಾರ್ರೀ ಹೇಳಿದ್ದು?"

ಐಸ್ ಕೊಕ್ಕೆ ಅವನ ಕೈಯಿಂದ ಜಾರಿತು.

ಅವಳು ಅಲ್ಲೇ ಒಕ್ಜುವಿಗೆ ಫೋನ್ ಮಾಡಿದಳು. "ಅಕ್ಕಾ, ನಾನೂ ಬಿಟ್ಟೆ. ಇಬ್ಬರೂ ಹೊರಗೆ... ಹೂಂ, ನಿಯಮದ ಪ್ರಕಾರಾನೇ."

"ಮೂರು ವಾರ ಒಬ್ಬರೇ ಹೇಗೆ ಓದ್ತೀರಾ?" ಮುನ್‌ಹೋ ಕೇಳಿದ.

"ಒಬ್ಬಳೇ ಯಾಕೆ? ಇಲ್ಲಿ ಕೂರ್ತೀನಿ. ಮತ್ತೆ... ಇನ್ನು 'ನೀವು' ಅನ್ನಬೇಡ."

ಮುನ್‌ಹೋ ಬಿದ್ದ ಕೊಕ್ಕೆ ಎತ್ತಿಟ್ಟ.

"ನೀ... ನೀನು ತಿಂಡಿ ತಿಂದ್ಯಾ?"

"ಇನ್ನೂ ಇಲ್ಲ."

"ಬಾ."