ಮಂಗಳವಾರದ ಗಿರಾಕಿ

“ಹನ್ನೆರಡ ಸಾವಿರಾ? ಈ ಸ್ಟ್ಯಾಂಡ್ ಲ್ಯಾಪ್‌ಟಾಪ್ ಇಡಾಕೋ, ನಾ ಕುಂದ್ರಾಕೋ?”

ಭಾಗ್ಯಜ್ಯೋತಿ ನಗು ತಡೆದುಕೊಂಡಳು. “ನೀವು ಕುಂತ್ರೂ ಮುರಿಯೂದಿಲ್ರಿ, ಅಲ್ಯೂಮಿನಿಯಂ ಐತಿ. ಆದ್ರ ಕುಂತು ನೋಡಿದ್ರ ತಗೋಳಾಕ ಬೇಕು.”

ಆತ ಸ್ಟ್ಯಾಂಡನ್ನು ಮೆಲ್ಲಗೆ ಕೆಳಗಿಟ್ಟ, ಅದು ನಿದ್ದೆಯಲ್ಲಿರುವ ಕೂಸು ಎನ್ನುವಂತೆ. ಅವಳು ಈ ಸಲ ನಕ್ಕೇಬಿಟ್ಟಳು.

ಬಾಗಲಕೋಟೆ ನವನಗರದ ಆ ಕಂಪ್ಯೂಟರ್ ಅಂಗಡಿಯಲ್ಲಿ ಅವಳು ಆರು ವರ್ಷದಿಂದ ಕೆಲಸಕ್ಕಿದ್ದಳು. ಮಾರುವವಳೂ ಅವಳೇ, ಬಿಚ್ಚಿ ರಿಪೇರಿ ಮಾಡುವವಳೂ ಅವಳೇ. ಈ ಗಿರಾಕಿಯ ಹೆಸರು ಸಂಗಮೇಶ. ಹುನಗುಂದದಲ್ಲಿ ಮದುವೆ ಆಲ್ಬಂ ತಯಾರಿಸುತ್ತಿದ್ದ. ಹಳೆಯ ಲ್ಯಾಪ್‌ಟಾಪ್ ನಾಲ್ಕು ಫೋಟೊ ತೆರೆದರೆ ನಿಂತುಬಿಡುತ್ತದೆ, ಹೊಸದು ಬೇಕು ಎಂದು ಬಂದಿದ್ದ. ಅವಳು ಒಂದು ಲಕ್ಷ ತೊಂಬತ್ತು ಸಾವಿರದ್ದನ್ನು ತೋರಿಸಿದಳು. ಆತ ಬೆಲೆ ಕೇಳಿ, ಅಂಗಡಿಯೊಳಗಿದ್ದ ಕುರ್ಚಿ ಎಳೆದುಕೊಂಡು ವಾದಕ್ಕೆ ಕೂತ.

ಮುಂದಿನ ಮಂಗಳವಾರವೂ ಬಂದ, ಅದರ ಮುಂದಿನ ವಾರವೂ. ಸರಿಯಾಗಿ ಹನ್ನೊಂದಕ್ಕೆ. ಒಂದು ವಾರ ಮೌಸಿಗೆ ಎಂಟು ಸಾವಿರ ಯಾಕೆ ಎಂದು ಜಗಳ, ಇನ್ನೊಂದು ವಾರ ಪರದೆಯ ಬಣ್ಣದ ಬಗ್ಗೆ.

“ನಮ್ಮ ಮದುವಿ ಮಂದಿಗೆ ಫೋಟೊದಾಗ ಮಾರಿ ಬೆಳ್ಳಗ ಕಂಡ್ರ ಸಾಕು. ಅದಕ್ಕ ಇಷ್ಟು ರೊಕ್ಕದ ಸ್ಕ್ರೀನ್ ಯಾಕ್ರಿ?”

“ನಿಮ್ಮ ಕಣ್ಣಿಗಾದ್ರೂ ಖರೆ ಬಣ್ಣ ಕಾಣ್ಲಿ ಅಂತ.”

“ಅದು ಈಗಾಗ್ಲೇ ಕಾಣಾಕತ್ತೇತಿ,” ಎಂದ ಆತ, ಅವಳ ಹಸಿರು ದುಪಟ್ಟಾ ನೋಡುತ್ತ.

ಅವಳು ಅವಸರದಲ್ಲಿ ಬೆಲೆಪಟ್ಟಿ ಎತ್ತಿಕೊಂಡು ಓದತೊಡಗಿದಳು. ತಲೆಕೆಳಗಾಗಿದ್ದ ಅದನ್ನು ಆತನೇ ತಿರುಗಿಸಿ ಕೈಗಿತ್ತ.

ಆದರೆ ಒಂದು ಸಂಗತಿ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಅವಳು ಕೊಟ್ಟ ಚಹಾವನ್ನು ಆತ ಮುಟ್ಟುತ್ತಿರಲಿಲ್ಲ. ನೀರೂ ಬೇಡ. ಏಪ್ರಿಲ್ ಬಿಸಿಲಿಗೆ ತುಟಿ ಒಡೆದು ರಕ್ತ ಜಿನುಗಿದ್ದರೂ, “ಬ್ಯಾಡ್ರಿ, ಈಗ ಕುಡದು ಬಂದೇನಿ” ಅನ್ನುತ್ತಿದ್ದ. ಆತನ ಹಣೆಯಲ್ಲಿ ವಿಭೂತಿ ಇತ್ತು. ಕಲಾದಗಿಯಲ್ಲಿ ಶಾಲೆಗೆ ಹೋಗುವಾಗ ಅವಳು ಗೆಳತಿಯ ಮನೆಯ ಹೊರಗೆ ನಿಂತು, ಮೇಲಿನಿಂದ ಸುರಿದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದವಳು. ಈ ‘ಬ್ಯಾಡ್ರಿ’ಯ ಅರ್ಥ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮೇ ತಿಂಗಳ ಒಂದು ಮಂಗಳವಾರ ಆತ ಮತ್ತೆ ಲೋಟ ಸರಿಸಿದಾಗ ಅವಳ ದನಿ ತಣ್ಣಗಾಯಿತು.

“ಈ ತುಟ್ಟಿ ಲ್ಯಾಪ್‌ಟಾಪ್ ಎಂಟು ವರ್ಷ ನಡೀತದ. ಆ ಅಗ್ಗದ್ದು ಮೂರು ವರ್ಷ. ಯಾವ್ದು ಬೇಕು ಹೇಳಿಬಿಡ್ರಿ.”

ಆತ ಅಗ್ಗದ್ದರ ಕಡೆ ಬೆರಳು ತೋರಿಸಿದ. “ಮೂರು ವರ್ಷದ್ದು ಸಾಕು.”

“ಎರಡು ತಿಂಗಳು ಎಲ್ಲಾ ತಗಸಿ ನೋಡಿ, ಕಡೀಕ ಇದಾ?” ಅವಳಿಗೆ ತಡೆಯಲಾಗಲಿಲ್ಲ. “ನಮ್ಮ ಕೈಯಾಗಿನ ನೀರು ನಿಮಗ ನಡಿಯೂದಿಲ್ಲ, ಕಂಪ್ಯೂಟರ್ ಹ್ಯಾಂಗ ನಡೀತದರಿ? ಊರಾಗ ಬ್ಯಾರೆ ಅಂಗಡಿ ಭಾಳ ಅದಾವ.”

ಸಂಗಮೇಶನ ಮುಖ ಬಿಳಿಚಿತು. ಎಡಗೈ ಅಂಗಿತೋಳಿನ ಗುಂಡಿ ಬಿಚ್ಚಿ ಮೇಲೇರಿಸಿದ. ಮುಂಗೈ ಒಳಬದಿಯಲ್ಲಿ ನರ ಹಗ್ಗದಷ್ಟು ದಪ್ಪ ಉಬ್ಬಿತ್ತು. ಅದರುದ್ದಕ್ಕೂ ಸೂಜಿಯ ಕಲೆ.

“ಎರಡೂ ಕಿಡ್ನಿ ಹೋಗ್ಯಾವ್ರಿ. ಮಂಗಳವಾರ, ಶುಕ್ರವಾರ ಇಲ್ಲೇ ದವಾಖಾನ್ಯಾಗ ಡಯಾಲಿಸಿಸ್. ದಿನಕ್ಕ ಅರ್ಧ ಲೀಟರ್ ಮ್ಯಾಲ ಒಂದು ಗುಟುಕು ಕುಡಿಯೂಹಂಗಿಲ್ಲ.”

“ಮೊದಲ ಹೇಳಬಾರದೇನ್ರಿ ಮತ್ತ…”

“ಹೇಳಿದ್ರ ನೀವೂ ಅಯ್ಯೋ ಅಂತಿದ್ರಿ. ನನ್ನ ಜೋಡಿ ಜಗಳಾಡವ್ರು ಈಗ ಯಾರೂ ಉಳದಿಲ್ಲ.”

ಆತ ಲೋಟ ಎತ್ತಿ ಕುಡಿಯತೊಡಗಿದ. ಬಾಯಾರಿ ಸತ್ತವನಂತೆ ಕುಡಿದ. ಅರ್ಧವಾಗುವಷ್ಟರಲ್ಲಿ ಅವಳು ಲೋಟ ಹಿಡಿದು ಎಳೆದಳು. ಬೆರಳ ಮೇಲೆ ಬೆರಳು ಕೂತಿತು. ಇಬ್ಬರೂ ಕೂಡಲೇ ಬಿಡಲಿಲ್ಲ.

ಅಂದಿನಿಂದ ಊಟದ ಹೊತ್ತಿಗೆ ಅವಳೇ ದವಾಖಾನೆಗೆ ಹೋಗತೊಡಗಿದಳು. ಕೊಳವೆಗಳಲ್ಲಿ ಆತನ ರಕ್ತ ಹೊರಗೆ ಹೋಗಿ ಒಳಗೆ ಬರುತ್ತಿರುವಾಗ ಇಬ್ಬರೂ ಕೀಬೋರ್ಡಿನ ಬೆಲೆ ಚರ್ಚಿಸುತ್ತಿದ್ದರು. ಪಕ್ಕದ ಹಾಸಿಗೆಯ ಅಹ್ಮದಸಾಬರು ನಿವೃತ್ತ ಬಸ್ ಡ್ರೈವರ್. ಎರಡೂ ಕಡೆಯ ಮಾತು ಕೇಳಿ ಒಂದು ದಿನ ತೀರ್ಪು ಕೊಟ್ಟರು: “ಕಂಪ್ಯೂಟರ್ ಹಾಳಾಗಿ ಹೋಗ್ಲಿ. ನೀವಿಬ್ರೂ ಮದುವಿ ಆಗ್ರಿ.”

ಭಾಗ್ಯಜ್ಯೋತಿ ತಲೆ ತಗ್ಗಿಸಿ ನಕ್ಕಳು. ಸಂಗಮೇಶ ಗೋಡೆಯ ಕಡೆ ಹೊರಳಿದ.

ಶ್ರಾವಣದ ಮೊದಲ ಮಂಗಳವಾರ ಅಹ್ಮದಸಾಬರ ಹಾಸಿಗೆಯಲ್ಲಿ ಬೇರೊಬ್ಬರು ಮಲಗಿದ್ದರು. ಅಂದು ಯಾವ ವಾದವೂ ನಡೆಯಲಿಲ್ಲ. ನರ್ಸ್ ಸೂಜಿ ತೆಗೆದ ಮೇಲೆ ಸಂಗಮೇಶ ತೋಳು ಒತ್ತಿ ಹಿಡಿದುಕೊಂಡು ಹೇಳಿದ:

“ಇನ್ಮ್ಯಾಲ ನಾ ಇಳಕಲ್ಲಿಗೆ ಹೋಗ್ತೇನಿ, ಅಲ್ಲಿ ಸೋಮವಾರ, ಗುರುವಾರ ಜಾಗ ಸಿಕ್ಕೇತಿ. ನೀವು ಬರಬ್ಯಾಡ್ರಿ. ಕಂಪ್ಯೂಟರೂ ಬ್ಯಾಡ.”

“ಯಾಕ?”

“ನಮ್ಮವ್ವನ ಕಿಡ್ನಿ ಹೊಂದಲಿಲ್ಲ. ಬ್ಯಾರೇದಕ್ಕ ಹೆಸರು ಹಚ್ಚಿ ಮೂರು ವರ್ಷ ಆತು. ಆ ಹಾಸಿಗಿ ನೋಡಿದ್ರೆಲ್ಲಾ? ಇಲ್ಲಿ ಕುಂತು ನಿಮ್ಮ ಹರೇ ಕಳೀಬ್ಯಾಡ್ರಿ.”

ಆಮೇಲೆ ಆತ ಫೋನ್ ಎತ್ತಲಿಲ್ಲ. ಮೂರು ಮಂಗಳವಾರ ಹನ್ನೊಂದು ಗಂಟೆಗೆ ಅವಳ ಕಣ್ಣು ಬಾಗಿಲಿಗೆ ಹೋಗಿ ಬರಿದಾಗಿ ಮರಳಿತು. ನಾಲ್ಕನೆಯ ಮಂಗಳವಾರ ರಜೆ ಹಾಕಿ ಬಸ್ ಹತ್ತಿದಳು. ಚೀಲದಲ್ಲಿ ಎರಡು ಸಣ್ಣ ಡಬ್ಬಿ ಮತ್ತು ಅವಳ ಸ್ಕ್ರೂಡ್ರೈವರು. ಅಮೀನಗಡದಲ್ಲಿ ಬಸ್ ನಿಂತಾಗ ಕಿಟಕಿಗೆ ಕರದಂಟಿನ ಪೊಟ್ಟಣ ಬಂತು. ಕೈ ಚಾಚಿ, ಮತ್ತೆ ಹಿಂದೆಗೆದಳು. ಗೋಡಂಬಿ, ಉತ್ತತ್ತಿ, ಬೆಲ್ಲ. ಆತ ತಿನ್ನಬಾರದ್ದೇ ಅದರಲ್ಲಿ ತುಂಬಿತ್ತು.

ಹುನಗುಂದದ ಮನೆಯ ಹೊಸ್ತಿಲಲ್ಲಿ ಆತನ ತಾಯಿ ಗುರುಲಿಂಗವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. “ಯಾವೂರವ್ವಾ? ಯಾರ ಪೈಕಿ?” ಎಂದು ಕೇಳಿದಳು. ಭಾಗ್ಯಜ್ಯೋತಿ ತನ್ನ ಊರು, ಕೇರಿ ಎರಡನ್ನೂ ಮುಚ್ಚಿಡದೆ ಹೇಳಿದಳು. ಮೊರದ ಮೇಲೆ ಆಡುತ್ತಿದ್ದ ಕೈ ನಿಂತಿತು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಭಾಗ್ಯಜ್ಯೋತಿ ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಒಳಗೆ ನಡೆದಳು.

ಸಂಗಮೇಶ ನಿಂತುಹೋದ ಪರದೆಯೆದುರು ಕೂತಿದ್ದ. ಯಾರದೋ ಮದುಮಗಳ ಅರ್ಧ ಮುಖ ಅದರಲ್ಲಿತ್ತು. ಆತನ ಕಣ್ಣಿನ ಕೆಳಗೆ ಬಾವು, ಕೊರಳು ಮಾತ್ರ ಕಡ್ಡಿಯಾಗಿತ್ತು.

“ಯಾಕ ಬಂದ್ರಿ?”

ಅವಳು ಲ್ಯಾಪ್‌ಟಾಪ್ ಬಂದ್ ಮಾಡಿ, ಬೋರಲು ಹಾಕಿ, ಸ್ಕ್ರೂ ಬಿಚ್ಚತೊಡಗಿದಳು.

“ನಿಮಗ ಲಕ್ಷದ್ದು ಬೇಕಾಗಿರಲಿಲ್ಲ. ಇದಕ್ಕ ಹೊಸ ಡಿಸ್ಕು, ರ್‍ಯಾಮ್ ಹಾಕಿದ್ರ ಆರು ಸಾವಿರದಾಗ ಮುಗೀತಿತ್ತು. ಮೊದಲನೇ ದಿನಾನ ಗೊತ್ತಿತ್ತು ನನಗ.”

“ಮತ್ತ ಹೇಳಲಿಲ್ಲ?”

“ಹೇಳಿದ್ರ ಮುಂದಿನ ಮಂಗಳವಾರ ಬರ್ತಿದ್ರೇನು?”

ಆತ ನಕ್ಕ. ನಗು ಅರ್ಧದಲ್ಲೇ ಒಡೆಯಿತು. ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

“ಭಾಗ್ಯಾ, ನನ್ನ ಹತ್ರ ದಿನ ಭಾಳ ಉಳದಿಲ್ಲ.”

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಅವಳ ಕೈಯಿಂದ ಸ್ಕ್ರೂ ಜಾರಿ ನೆಲಕ್ಕೆ ಬಿತ್ತು.

“ಗೊತ್ತೈತಿ,” ಎಂದಳು. “ಇದ್ದಷ್ಟು ನನಗ ಕೊಡು.”

ಲ್ಯಾಪ್‌ಟಾಪ್ ತಯಾರಾಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಆತ ಮದುಮಗಳ ಫೋಟೊ ತೆರೆದ, ಅವಳು ಪಕ್ಕದಲ್ಲಿ ಕೂತು ಮುಂದಿನದನ್ನು ಆರಿಸಿದಳು. ಬಾಗಿಲಲ್ಲಿ ನೆರಳಾಯಿತು.

“ಬಾಗಲಕೋಟಿ ಬಸ್ ಆರಕ್ಕ ಐತಿ,” ಎಂದಳು ಗುರುಲಿಂಗವ್ವ, ಯಾರ ಮುಖವನ್ನೂ ನೋಡದೆ.

ಭಾಗ್ಯಜ್ಯೋತಿ ಎದ್ದು ನಿಂತಳು.

“ನಾ ಇವತ್ತ ಹೋಗೂದಿಲ್ರಿ, ಅತ್ತಿ.”

ಸಂಗಮೇಶನ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಗುರುಲಿಂಗವ್ವ ಅವಳನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಮಗನ ಉಬ್ಬಿದ ತೋಳನ್ನು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಅಂಗಳದ ಕಡೆ ಮುಖ ಮಾಡಿದಳು.

“ಚಪ್ಪಲಿ ಒಳಗ ತಗೊಂಡ ಬಾ,” ಎಂದಳು. “ಓಣ್ಯಾಗ ನಾಯಿ ಭಾಳ ಅದಾವ.”